ಅಕ್ಕನ ಗಡಿಯಾರ ಕೂಡಿಸಿಕೊಟ್ಟ ಊಟ

ನಿಮ್ಮ ಕೈಗಡಿಯಾರ "ಇನ್ನಷ್ಟು ತಿನ್ನಬಹುದು" ಎಂದಾಗ, ಆ ಅನುಮತಿಗೆ ಆಧಾರವೇನೆಂದು ನೀವು ಎಂದಾದರೂ ಕೇಳಿದ್ದೀರಾ?

ಆಧಾರ ಕೇಳುವುದನ್ನು ನಾನು ಕಾಲೇಜಿನ ಚರ್ಚಾ ವೇದಿಕೆಯಲ್ಲಿ ಕಲಿತೆ. ಈಗ ನಮ್ಮೂರು ಸಿಂಧನೂರಿನಿಂದ ಸಾಲಗುಂದ, ಮುಕ್ಕುಂದದಂಥ ಹಳ್ಳಿಗಳಿಗೆ ಹೋಗಿ ಸಕ್ಕರೆ ಕಾಯಿಲೆಯ ಬಗ್ಗೆ ಜನರೆದುರು ಮಾತನಾಡುತ್ತೇನೆ. ಆದರೆ ಈ ಪ್ರಶ್ನೆ ನನಗೆ ಎದುರಾದದ್ದು ಮಸ್ಕಿಯಲ್ಲಿ, ಅಕ್ಕನ ಖಾನಾವಳಿಯ ಒಲೆಯ ಮುಂದೆ.

ಅಕ್ಕನ ಎಡಗಾಲ ಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಗಿತ್ತು. ಸಕ್ಕರೆ ಇಳಿಯದಿದ್ದರೆ ಗಾಯ ಮಾಯುವುದಿಲ್ಲ, ಮಾಯದಿದ್ದರೆ ಬೆರಳು ಉಳಿಯುವುದಿಲ್ಲ ಎಂದು ಲಿಂಗಸುಗೂರಿನ ವೈದ್ಯರು ಹೇಳಿದ್ದರು. ಮಾತ್ರೆಯ ಜೊತೆಗೆ ಊಟವೂ ಅಳತೆಯಲ್ಲಿರಲಿ ಎಂದು ಅವಳ ಮಗಳು ಹೆಜ್ಜೆ ಎಣಿಸುವ ಒಂದು ಗಡಿಯಾರ ತಂದು ಕೈಗೆ ಕಟ್ಟಿದಳು, ಮೊಬೈಲಿಗೆ ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕಿದಳು. ವಯಸ್ಸು, ತೂಕ ಕೇಳಿದ ಮೇಲೆ ಆ್ಯಪ್ ಮತ್ತೊಂದು ಪ್ರಶ್ನೆ ಕೇಳಿತು: ನಿಮ್ಮ ದಿನದ ಕೆಲಸ ಎಂಥದು?

"ಕುಂತು ಮಾಡೋ ಕೆಲ್ಸ ಅಂತ ಹಾಕ್ಲೇನಬೇ?" ಎಂದಳು ಮಗಳು.

"ಬಾಯಿ ಮುಚ್ಚು. ಕುಂತು ತಿನ್ನಾಕಿ ಅಂತ ಬರಸ್ಕೊಳ್ಳಾಕ ನಾ ಏನ್ ದೇಸಾಯರ ಸೊಸಿಯೇನು? ಭಾರೀ ಕೆಲ್ಸ ಅಂತ ಹಾಕು."

ಮಗಳು ಹಾಗೇ ಹಾಕಿದಳು. ನಮ್ಮ ಕಡೆ ಯಾವ ಹೆಂಗಸೂ ಈ ಪ್ರಶ್ನೆಗೆ ಬೇರೆ ಉತ್ತರ ಕೊಡುವುದಿಲ್ಲ. ಅಕ್ಕ ನಸುಕಿನಿಂದ ದುಡಿಯುತ್ತಿದ್ದಳು ಎಂಬುದೂ ನಿಜ. ಆದರೆ ಆ ದುಡಿಮೆಯ ಬಹುಪಾಲು ಕಾಲು ಮಡಚಿ ಕುಳಿತು ರೊಟ್ಟಿ ಬಡಿಯುವುದು.

ಕೆಲವು ವಾರಗಳ ನಂತರ ನಾನು ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಲಗೈಯ ಗಡಿಯಾರ ಒಮ್ಮೆಲೇ ನಡುಗಿ, ಅಂದಿನ ನಡಿಗೆಯ ಗುರಿ ಮುಟ್ಟಿತೆಂದು ಅಭಿನಂದಿಸಿತು.

"ನೋಡೋ ತಮ್ಮಾ, ಕುಂತಲ್ಲೇ ನಿಮ್ಮ ಸಿಂಧನೂರು ಮುಟ್ಟಿ ಬಂದೀನಿ. ಫ್ರೀ ಬಸ್ಸೂ ಬೇಕಾಗ್ಲಿಲ್ಲ!"

"ಅಕ್ಕಾ, ಅದು ಕೈ ಬಡ್ಯೋದನ್ನ ಹೆಜ್ಜಿ ಅಂತ ಎಣಸಾಕತ್ತೈತಿ."

"ಎಣಿಸ್ಲಿ ಬಿಡು. ನೀವು ಗಂಡಸರು ನಮ್ಮ ದುಡಿತ ಎಂದಾರ ಎಣಿಸೀರೇನು?"

ಒಲೆಯ ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಧ್ಯಾಹ್ನ ಅವಳು, ಆ ನಡಿಗೆಯ ಲೆಕ್ಕಕ್ಕೆ ಆ್ಯಪ್ ಹೆಚ್ಚಿಗೆ ಕೊಟ್ಟ ಪಾಲಿನಲ್ಲಿ, ಒಂದು ಶೇಂಗಾ ಹೋಳಿಗೆ ತಿಂದಳು. ಕದ್ದು ತಿನ್ನಲಿಲ್ಲ, ಮೊಬೈಲು ನೋಡಿ, ಮಿತಿ ಮೀರಿಲ್ಲವೆಂದು ಅದು ತೋರಿಸುವ ಹಸಿರು ಗೆರೆಯೊಳಗೇ ತಿಂದಳು. ಕಾಲಿನ ಬಟ್ಟೆ ಬಿಚ್ಚಿದಾಗ ಗಾಯ ಹಾಗೇ ಇತ್ತು.

ಅಂದು ಸಂಜೆ ಮಗಳೂ ನಾನೂ ಕುಳಿತು ಆ ಆ್ಯಪ್‌ನ ವಿವರಣೆ ಓದಿದೆವು. ನಾವು ಹೇಳಿದ ಕೆಲಸದ ಮೇಲೆ ಅದು ದಿನಕ್ಕೆ ಇಷ್ಟು ಕ್ಯಾಲೊರಿ ಖರ್ಚಾಗುತ್ತದೆಂದು ಮೊದಲೇ ಊಹಿಸುತ್ತದೆ. ಗಡಿಯಾರ ಅದಕ್ಕಿಂತ ಹೆಚ್ಚು ತೋರಿಸಿದರೆ ವ್ಯತ್ಯಾಸವನ್ನು ಊಟಕ್ಕೆ ಕೂಡಿಸುತ್ತದೆ. ಕಡಿಮೆ ತೋರಿಸಿದರೆ ಕಳೆಯಬೇಕು. ಆದರೆ ಕಳೆಯಲು ನಾವು ಅನುಮತಿ ಕೊಟ್ಟಿರಬೇಕು. ನಾವು ಕೊಟ್ಟಿರಲಿಲ್ಲ. ಹೀಗಾಗಿ ಖಾನಾವಳಿ ಮುಚ್ಚಿದ ದಿನವೂ ಅಕ್ಕನಿಗೆ ಭಾರೀ ಕೆಲಸದವರ ಊಟವೇ ಸಿಗುತ್ತಿತ್ತು. ರೊಟ್ಟಿ ಹೆಚ್ಚು ಬಡಿದ ದಿನ ನಡೆಯದ ದಾರಿಯ ಊಟವೂ ಸೇರುತ್ತಿತ್ತು. ಯಂತ್ರ ತನಗೆ ಹೇಳಿದ್ದನ್ನು ನಂಬಿತ್ತು. ನಾವು ಯಂತ್ರವನ್ನು ನಂಬಿದ್ದೆವು.

ಮರುದಿನವೇ ಅಕ್ಕನನ್ನು ಲಿಂಗಸುಗೂರಿಗೆ ಕರೆದೊಯ್ದೆವು. ವೈದ್ಯರು ಗಾಯ ನೋಡಿ, ರಕ್ತದ ವರದಿ ನೋಡಿ, ದಾಖಲಿಸಿಕೊಂಡರು. ಸೋಂಕು ಒಳಗೆ ಇಳಿದಿತ್ತು; ಎರಡು ದಿನ ಬಿಟ್ಟು ಬೆರಳು ತೆಗೆದರು.

ಗಡಿಯಾರವೇ ಬೆರಳು ತೆಗೆಯಿತೆಂದು ನಾನು ವಾದಿಸುವುದಿಲ್ಲ. ಕಾಯಿಲೆ ಹಳೆಯದು, ಚಪ್ಪಲಿ ಬಿಗಿ, ಆಸ್ಪತ್ರೆಗೆ ಬಂದದ್ದು ತಡ. ಆದರೆ ತಡವಾದದ್ದು ಏಕೆಂದರೆ, ಪರದೆ ದಿನವೂ ಹಸಿರಾಗಿತ್ತು. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ನಾನು ಇದನ್ನೆಲ್ಲ ಭಾಷಣದ ಹಾಗೆ ಅಂಶ ಅಂಶವಾಗಿ ಜೋಡಿಸುತ್ತ ಕುಳಿತಿದ್ದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಯಾರೋ ಚಹಾ ತಂದುಕೊಟ್ಟರು. ಕುಡಿದೆ, ಬಿಸಿಯಿತ್ತೋ ಇಲ್ಲವೋ ತಿಳಿಯಲಿಲ್ಲ.

ಎಚ್ಚರವಾದ ಮೇಲೆ ಅಕ್ಕ ನನ್ನ ಮುಖ ನೋಡಿದಳು. "ಯಾಕೋ, ಸತ್ತವರ ಮನಿಗೆ ಬಂದಂಗ ಕುಂತೀ? ಬೆರಳು ಹೋಗೇತಿ, ನಾ ಹೋಗಿಲ್ಲ. ಖಾನಾವಳಿ ಕೀಲಿ ಯಾರ ಕಡೆ ಕೊಟ್ಟು ಬಂದೀ?"

ಉತ್ತರಿಸಿದೆ. ಆಮೇಲೆ ಅವಳ ಹೊದಿಕೆ ಸರಿಮಾಡಿದೆ.

ಈಗ ಅವಳ ಊಟವನ್ನು ವೈದ್ಯರು ಹೇಳಿದ ಅಳತೆಯಲ್ಲಿ ಮಗಳೇ ಬಡಿಸುತ್ತಾಳೆ. ಇನ್ನೊಂದು ಕಾಲನ್ನು ನಾವು ದಿನಾ ನೋಡುತ್ತೇವೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಆ್ಯಪ್ ನೋಡಿ ಉಣ್ಣುತ್ತಿದ್ದರೆ, ಇಂದೇ ಅವರೊಂದಿಗೆ ಕುಳಿತು ಅದರ ಸೆಟ್ಟಿಂಗ್ ತೆರೆಯಿರಿ. ದಿನದ ಕೆಲಸ ಏನೆಂದು ಬರೆದಿದೆ, ಕೂಡಿಸುವಂತೆ ಕಳೆಯುವುದಕ್ಕೂ ಒಪ್ಪಿಗೆ ಇದೆಯೇ, ನೋಡಿ. ಸಕ್ಕರೆ ಕಾಯಿಲೆ ಇದ್ದವರಾದರೆ, ಅದು ಕೂಡಿಸಿಕೊಟ್ಟದ್ದನ್ನು ತಿನ್ನುವ ಮೊದಲು ವೈದ್ಯರನ್ನು ಕೇಳಿ.