ಅಜ್ಜಿಯ ಹಣೆಗೇರಿದ ಅಣಬೆ

ಮೊನ್ನೆ ಸೊಸೆ ಅಂಗಡಿಯಿಂದ ಅಣಬೆ ಡಬ್ಬಿ ತಂದು ಮೇಲಿನ ಪ್ಲಾಸ್ಟಿಕ್ ಕಿತ್ತಳು ನೋಡಿ, ಆ ಹಸಿಮಣ್ಣಿನ ವಾಸನೆ ನನ್ನನ್ನು ನಿಂತ ನಿಲುವಿನಲ್ಲೇ ಎಪ್ಪತ್ತರ ದಶಕಕ್ಕೆ ಎಳೆದೊಯ್ದಿತು.

ಆಗ ನಾನು ಬಿ.ಎಸ್ಸಿ. ಓದುತ್ತಿದ್ದೆ. ಹಿರೇನಲ್ಲೂರು ಕಡೆಯ ನಮ್ಮ ಮನೆಯಲ್ಲಿ ಅಣಬೆಯೆಂದರೆ ಮಾಂಸಕ್ಕೆ ಸಮ. ತಿನ್ನುವುದಿರಲಿ, ಹೆಸರೆತ್ತಿದರೂ ಅಮ್ಮ ಬಾಯಿ ಮುಕ್ಕಳಿಸು ಎನ್ನುತ್ತಿದ್ದಳು. ಅಂಥ ಮನೆಯ ಹುಡುಗಿಯನ್ನು ಸಸ್ಯಶಾಸ್ತ್ರದ ಮೇಷ್ಟ್ರು ಅಣಬೆ ಹುಡುಕಲು ಕೆಮ್ಮಣ್ಣುಗುಂಡಿ ಕಾಡಿಗೆ ಹೊರಡಿಸಿದರು. ಅಪ್ಪ ಹೇಳಿದ್ದು ಒಂದೇ ಮಾತು: "ನೋಡ್ಕೊಂಡ್ ಬಾ. ಆದ್ರೆ ಆ ನಾಯಿಕೊಡೆ ಹೊಸ್ಲು ದಾಟಿ ಒಳಗ್ ಬಂತೋ, ನಿನ್ ಕಾಲೇಜು ಅಲ್ಲಿಗೆ ಮುಗೀತು ಕಣೇ."

ಬಯಲುಸೀಮೆಯ ನಮ್ಮ ಕಣ್ಣಿಗೆ ಕಾಡಿನಲ್ಲಿ ಕಂಡದ್ದೆಲ್ಲ ನಾಯಿಕೊಡೆಯೇ. "ಇದೇನಮ್ಮಾ?" "ನಾಯಿಕೊಡೆ ಸಾರ್." "ಅದು?" "ಅದೂ ನಾಯಿಕೊಡೆ ಸಾರ್." ಮೇಷ್ಟ್ರು ತಲೆ ಚಚ್ಚಿಕೊಂಡರು. "ಮೇಲ್ಗಡೆ ನೋಡಿ ಹೆಸರು ಹೇಳೋಕಾಗಲ್ಲ ಕಣ್ರಮ್ಮಾ. ಒಂದ್ ರಾತ್ರಿ ಕವುಚಿ ಇಡಿ, ಪುಡಿ ಉದುರುತ್ತೆ. ಅದರ ಬಣ್ಣ ತಂದು ತೋರಿಸಿ. ಇಲ್ದಿದ್ರೆ ಪ್ರಾಕ್ಟಿಕಲ್‌ನಲ್ಲಿ ಫೇಲು."

ತಾರದಿದ್ದರೆ ಫೇಲು, ತಂದರೆ ಕಾಲೇಜೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಟಿಫಿನ್ ಡಬ್ಬಿಯಲ್ಲಿ ಒಂದನ್ನು ಬಚ್ಚಿಟ್ಟು ತಂದೆ. ಪುಡಿ ಹಾರಿಹೋಗದಂತೆ ಗಾಳಿಯಾಡದ ಜಾಗವೆಂದರೆ ನಮ್ಮಲ್ಲಿ ದೇವರ ಗೂಡೊಂದೇ. ತಮ್ಮನ ಸ್ಲೇಟಿನ ಮೇಲೆ ಅದನ್ನು ಕವುಚಿಟ್ಟು, ತಪ್ಪಾಯಿತು ಶಿವನೇ ಎಂದು ಕೆನ್ನೆ ಬಡಿದುಕೊಂಡು ಮಲಗಿದೆ.

ಬೆಳಿಗ್ಗೆ ಅಣಬೆಯನ್ನು ಹಿತ್ತಲಿಗೆ ಎಸೆದು ಬರುವಷ್ಟರಲ್ಲಿ ಅಪ್ಪ ಗೂಡಿನ ಮುಂದೆ ನಿಂತಿದ್ದರು. ಸ್ಲೇಟಿನ ಮೇಲೆ ಬೆಳ್ಳನೆಯ ಪುಡಿ. "ಏನೇ ಇದು?" ಎಂದರು. ನನಗೆ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಸ್ನಾನ ಮುಗಿಸಿ ಬಂದ ಅಜ್ಜಿ, ಅಪ್ಪನ ತಾಯಿ, ಆ ಪುಡಿಗೆ ಮೂರು ಬೆರಳು ಒತ್ತಿ ಹಣೆಗೆ ಎಳೆದುಕೊಂಡಳು. "ವಿಭೂತಿ ಕಣೋ. ಕಣ್ ಕಾಣಲ್ವೇನೋ ನಿಂಗೆ?"

ಹೆತ್ತವಳ ಹಣೆಗೇರಿದ್ದನ್ನು ಪ್ರಶ್ನಿಸುವ ಧೈರ್ಯ ಅಪ್ಪನಿಗಿರಲಿಲ್ಲ. ಸ್ಲೇಟಿನಲ್ಲಿ ಉಳಿದ ಪುಡಿಯನ್ನು ಮೇಷ್ಟ್ರಿಗೆ ತೋರಿಸಿ ಪಾಸಾದೆ. ಮುಂದೆ ಅದೇ ಪಾಠ ಮಾಡಿ ನಿವೃತ್ತಳೂ ಆದೆ. ಕಣ್ಣು ಮಂಜಾದ ಅಜ್ಜಿ ಮೋಸಹೋದ ಈ ಕಥೆಯನ್ನು ಎಷ್ಟು ತರಗತಿಗಳಲ್ಲಿ ಹೇಳಿ ನಗಿಸಿದ್ದೇನೋ!

ಮೊನ್ನೆ ಸೊಸೆಗೂ ಹೇಳಿದೆ. ಅವಳು ನಗಲಿಲ್ಲ.

"ಅಲ್ಲ ಅತ್ತೆ, ನಮ್ ಮನೆಗಳಲ್ಲೆಲ್ಲ ಇರೋದು ವಿಭೂತಿ ಗಟ್ಟಿ ಅಲ್ವಾ? ಪುಡಿ ಎಲ್ಲಿತ್ತು?"

ಪುಡಿ ಇರಲೇ ಇಲ್ಲ. ಒದ್ದೆ ಬೆರಳಲ್ಲಿ ಉಜ್ಜಿಕೊಳ್ಳುವ ಬಿಳಿಯ ಗಟ್ಟಿಯೊಂದನ್ನು ಬಿಟ್ಟು ಆ ಮನೆಯಲ್ಲಿ ಬೇರೆ ವಿಭೂತಿಯನ್ನು ನಾನು ಕಂಡೇ ಇಲ್ಲ. ಒಲೆ ಆರಿಸಿ ಅಲ್ಲೇ ಕುಳಿತೆ. ಅಜ್ಜಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅವಳು ಆ ದಿನವಿಡೀ ಹಣೆ ಒರೆಸಿಕೊಳ್ಳದೆ ಅಪ್ಪನ ಕಣ್ಣೆದುರೇ ಓಡಾಡಿದ್ದಳು.