ಕೆಂಚಮ್ಮನಿಗೆ ಕೊಟ್ಟ ಪುಡಿ

ರತ್ನ, ನಿನ್ನ ಅವ್ವನಿಗೆ ನಾನು ಕೊಡುತ್ತಿದ್ದ ಮಂಡಿ ನೋವಿನ ಪುಡಿ ಬರೀ ಸೊಪ್ಪು ಬೇರಿನದಲ್ಲ. ಅದರಲ್ಲಿ ಇಂಗ್ಲಿಷ್ ಮಾತ್ರೆ ಅರೆದು ಬೆರೆಸಿದ್ದೆ. ಅವಳಿಗೆ ಹೇಳಲಿಲ್ಲ. ಕೇಳಿದ ಡಾಕ್ಟರಿಗೂ ಹೇಳಲಿಲ್ಲ. ಅವಳು ಸತ್ತದ್ದು ಅದರಿಂದ.

ನೀನಾಗ ಸಣ್ಣವಳು. ಮಿಡಿಗೇಶಿಯ ಎಲ್ಲ ಬೀದಿಗೂ ಇನ್ನೂ ಕರೆಂಟು ಬಂದಿರಲಿಲ್ಲ. ನಿನ್ನ ಅವ್ವ, ನನ್ನ ತಂಗಿ ಕೆಂಚಮ್ಮ, ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಕಾಲು ಮಡಚಿ ಕೂತು ಕೂತು ಮಂಡಿ ಊದಿ ಕೆಂಪಗಾಗಿತ್ತು, ಮುಟ್ಟಿದರೆ ಬಿಸಿ. ಒಣಶುಂಠಿ, ಅರಿಶಿನ, ಲಕ್ಕಿ ಸೊಪ್ಪು ಕುಟ್ಟಿದ ನನ್ನ ಪುಡಿ ಒಳಗಿನ ಉರಿಯನ್ನು ನಿಧಾನಕ್ಕೆ ಇಳಿಸುತ್ತದೆ — ಇಳಿಸಿದರೆ. ಕೆಲವರಿಗೆ ಇಳಿಯುತ್ತಿತ್ತು. ಅವಳಿಗೆ ಇಳಿಯಲಿಲ್ಲ.

"ಊರೋರ್ಗೆಲ್ಲ ವಾಸಿ ಮಾಡ್ತೀಯ, ನನ್ ಮಂಡಿ ಮಾತ್ರ ನಿನ್ ಕೈಗೆ ಬಗ್ಗಲ್ಲ ನೋಡಕ್ಕ" ಎಂದು ಬಾವಿಯ ಹತ್ತಿರ ಎಲ್ಲರ ಮುಂದೆ ನಕ್ಕಳು. ನನಗೆ ಚುಚ್ಚಿತು. ಮಧುಗಿರಿಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಸಣ್ಣ ಬಿಳಿ ಮಾತ್ರೆ ಕೊಟ್ಟ.

"ಬೆಂಕಿಗೆ ನೀರು ಹುಯ್ದಂಗೆ ಊತ ಇಳಿತದೆ ಕಣಮ್ಮ. ಆದ್ರೆ ಬಾಳ ದಿನ ತಿಂದು ತಟ್ಟನೆ ನಿಲ್ಲಿಸ್ಬ್ಯಾಡ, ಜೀವಕ್ಕೆ ಕುತ್ತು."

ಊತ ಇಳಿಯಿತು. ಕೆಂಚಮ್ಮ ಕುರಿ ಹಿಂದೆ ಓಡಿದಳು. ನನ್ನ ಕೈಗುಣ ಕೇಳಿ ಕೊರಟಗೆರೆ ಕಡೆಯವರೂ ಬಂದರು. ಅವರಿಗೆ ಬರೀ ಸೊಪ್ಪಿನ ಪುಡಿ ಕೊಟ್ಟೆ, ಇವಳಿಗೆ ಮಾತ್ರೆ ಬೆರೆಸುತ್ತಲೇ ಹೋದೆ. ಬಂದ ಹೆಸರು ಬಿಡಲು ಮನಸ್ಸಾಗಲಿಲ್ಲ. ಅವಳ ಮುಖ ಗುಂಡಗಾಯಿತು. "ಮೈ ತುಂಬ್ಕಂಡವ್ಳೆ" ಎಂದರು ಜನ. ಅದು ಬಾವು. ಮಾತ್ರೆಯದೆಂದು ನನಗೆ ಗೊತ್ತಿತ್ತು, ಆದರೂ ಬೆರೆಸುವುದನ್ನು ಬಿಡಲಿಲ್ಲ.

ಆಮೇಲೆ ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಗಾಯ ಮಾಯಲೇ ಇಲ್ಲ. ಮಧುಗಿರಿಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಅವಳ ಮುಖವನ್ನೇ ನೋಡಿ, "ಏನು ಮದ್ದು ತಿಂತಿದ್ದೀಯಮ್ಮ? ಅದರಲ್ಲಿ ಏನಿದೆ?" ಎಂದರು.

ನಮ್ಮಲ್ಲಿ ಮದ್ದಿನ ಹೆಸರು ಕೇಳಬಾರದು, ಕೊಟ್ಟವರು ಹೇಳಬಾರದು. ಹೇಳಿದರೆ ಫಲಿಸುವುದಿಲ್ಲ. "ನಮ್ಮಕ್ಕ ಕೊಡೋದು ಸ್ವಾಮಿ. ಕೇಳಬಾರ್ದು" ಎಂದು ಕೆಂಚಮ್ಮ ನನ್ನ ಕಡೆ ನೋಡಿದಳು.

"ಬರೀ ಸೊಪ್ಪು ಬೇರು ಸ್ವಾಮಿ" ಎಂದೆ ನಾನು.

"ಹಾಗಾದ್ರೆ ಇವತ್ತಿಂದಲೇ ನಿಲ್ಲಿಸಿಬಿಡಿ."

ಅಂಗಡಿಯವನ ಮಾತು ನೆನಪಿತ್ತು. ಬಾಗಿಲು ದಾಟುವಾಗ ನೆನಪಿತ್ತು, ಬಸ್ಸಿನಲ್ಲೂ ನೆನಪಿತ್ತು. ತಿರುಗಿ ಹೋಗಿ ಹೇಳಬಹುದಿತ್ತು. ಮನೆಯಲ್ಲಾದರೂ ಒಂದು ಮಾತ್ರೆ ಕೊಡಬಹುದಿತ್ತು — ಅದರಿಂದ ಚೇತರಿಸಿಕೊಂಡರೆ ಪುಡಿಯ ಗುಟ್ಟು ರಟ್ಟಾದೀತೆಂದು ಹೆದರಿದೆ. ಅವಳು ವಾಂತಿ ಮಾಡಿಕೊಂಡಳು, ಎದ್ದು ಕೂರಲಾಗಲಿಲ್ಲ. "ಅಕ್ಕ, ನಿನ್ ಪುಡಿ ಒಂಚೂರು ಕೊಡು" ಎಂದು ಕೈ ಚಾಚಿದಳು. "ಡಾಕ್ಟರು ಬೇಡ ಅಂದವ್ರೆ" ಎಂದೆ. ವಾರ ಕಳೆಯುವಷ್ಟರಲ್ಲಿ ಹೋದಳು. ಮುಳ್ಳಿನ ನಂಜು ಎಂದರು ಜನ. ನಾನೂ ಹಾಗೇ ಎಂದೆ. ಅಳುತ್ತಿದ್ದ ನಿನ್ನನ್ನು ಎತ್ತಿಕೊಂಡೇ ಎಂದೆ.

ಈಗ ನಿನ್ನ ಮಂಡಿ ಊದಿದೆಯಂತೆ. "ಅವ್ವಂಗೆ ಕೊಡ್ತಿದ್ದ ಪುಡೀನೇ ಕೊಡಬೇಕಂತೆ ದೊಡ್ಡವ್ವ" ಎಂದು ನಿನ್ನ ಗಂಡ ಬಂದು ನಿಂತಾಗ ಒನಕೆ ಕೆಳಗಿಟ್ಟೆ. ನಾಳೆ ಬಾ ಎಂದು ಕಳಿಸಿದೆ. ನಾಳೆ ಅವನ ಕೈಗೆ ಕೊಡುವುದು ಪುಡಿಯನ್ನಲ್ಲ, ಈ ಕಾಗದವನ್ನು.

ಮದ್ದಿನ ಹೆಸರು ಹೇಳಿಬಿಟ್ಟೆ. ಇನ್ನು ನನ್ನ ಕೈಯ ಮದ್ದು ಯಾರಿಗೂ ಫಲಿಸುವುದಿಲ್ಲ. ಆಸ್ಪತ್ರೆಗೆ ಹೋಗು. ಏನು ತಿಂದೆ ಎಂದು ಡಾಕ್ಟರು ಕೇಳಿದರೆ ಮುಚ್ಚಿಡಬೇಡ. ಅವ್ವ ಹೇಗೆ ಸತ್ತಳು ಎಂದು ಕೇಳಿದರೆ ಮುಳ್ಳು ಅನ್ನಬೇಡ. ನನ್ನ ಹೆಸರು ಹೇಳು.