ತಟ್ಟಿಯ ಹಿಂದಿನ ಕೆಮ್ಮು

ಬೆಳಕು ಹರಿಯುವ ಮೊದಲು ಇಂದುಮತಿ ನೀರಿನ ಪಂಪು ಹಾಕುತ್ತಾಳೆ, ಹಾಲು ಕಾಯಿಸುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಗಂಡನ ಸಮವಸ್ತ್ರಕ್ಕೆ ಇಸ್ತ್ರಿ ಮಾಡುತ್ತಾಳೆ, ಕಾಲ್ ಸೆಂಟರಿನ ರಾತ್ರಿಪಾಳಿ ಮುಗಿಸಿ ಬರುವ ಮಗಳು ಪೂರ್ವಿಗೆ ಬಾಗಿಲು ತೆಗೆಯುತ್ತಾಳೆ. ಬಂಗಾಳದ ರಾಜಧಾನಿಯ ಬೆಹಾಲಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಇದನ್ನು ಕೆಲಸವೆಂದು ಯಾರೂ ಕರೆಯುವುದಿಲ್ಲ.

ಅದು 2009. ಗಂಡ ಪುರುಷೋತ್ತಮ ಅರೆಸೇನಾ ಪಡೆಯ ಅಧಿಕಾರಿ. ಪಶ್ಚಿಮದ ಕಾಡುಹಳ್ಳಿಗಳಲ್ಲಿ ಬಂಡುಕೋರರನ್ನು ಹುಡುಕುವವನು. "ಹಳ್ಳಿ ಗೆಲ್ಲಬೇಕಂದ್ರ ಮೊದಲ ಅಡಿಗಿಮನಿ ಗೆಲ್ಲಬೇಕು" ಎಂದು ಕಿರಿಯರಿಗೆ ಪಾಠ ಹೇಳುತ್ತಾನೆ. ಆ ಅಡುಗೆಮನೆಗಳ ಒಳಗೆ ಅವನಿಗೆ ಪ್ರವೇಶವಿಲ್ಲ. ಹಾಗಾಗಿ ಔಷಧಿ ಹಂಚುವ ನೆಪದಲ್ಲಿ ಬಂಗಾಳಿ ಬಲ್ಲ ಹೆಂಡತಿಯನ್ನು ಕರೆದೊಯ್ಯುತ್ತಾನೆ. ಇದಕ್ಕೂ ಸಂಬಳವಿಲ್ಲ.

ನಿನ್ನೆ ಹೋದ ಹಳ್ಳಿಯಲ್ಲಿ ನಾಯಿಗಳು ಬೊಗಳಲಿಲ್ಲ. ಮಕ್ಕಳು ಸದ್ದಿಲ್ಲದೆ ಕುಂಟಾಬಿಲ್ಲೆ ಆಡುತ್ತಿದ್ದರು. ಕೊನೆಯ ಮನೆಯ ಫುಲ್‌ಮಣಿಗೆ ಮುದಿ ಅತ್ತೆಯ ಹೊರತು ಯಾರೂ ಇಲ್ಲ. ಆದರೂ ದೊಡ್ಡ ಪಾತ್ರೆಯ ಅನ್ನದ ಗಂಜಿ ಬಸಿಯುತ್ತಿದ್ದಳು. ಬಿದಿರುತಟ್ಟಿಯ ಹಿಂದೆ ಗಂಡಸಿನ ಕೆಮ್ಮು ಕೇಳಿಸಿತು. ತಕ್ಷಣ ಫುಲ್‌ಮಣಿಯೂ ಕೆಮ್ಮಿದಳು, ಅದೇ ದನಿ ಬರುವಂತೆ ಗಂಟಲು ಒತ್ತಿ. ಕಣ್ಣು ಇಂದುಮತಿಯ ಮೇಲಿಂದ ಕದಲಲಿಲ್ಲ.

"ದೀದಿ, ಊಟ ಮಾಡಿ ಹೋಗಿ" ಎಂದಳು. ಅವಳ ಅಂಗೈ ತುಂಬ ಸುಟ್ಟ ಕಲೆಗಳು. ಬಂದೂಕು ಹಿಡಿದು ಯಾರೇ ಬಂದರೂ ಬೇಯಿಸಿ ಹಾಕಬೇಕಾದವಳು ಅವಳೇ.

ಈ ಬೆಳಗ್ಗೆ ಅದೇ ಕೆಮ್ಮು ಇಂದುಮತಿಯ ಅಡುಗೆಮನೆಯ ಗೋಡೆಯಾಚೆ ಕೇಳಿಸಿತು. ಆಚೆ ಮನೆಯಿಲ್ಲ, ಮೂರನೆಯ ಮಹಡಿಯ ಬರೀ ಗಾಳಿ.

"ಮಮ್ಮಿ, ಎಷ್ಟ್ ಕೆಮ್ಮತೀ! ಸಿರಪ್ ಲೇ ಲೋ ನಾ" ಎಂದಳು ಪೂರ್ವಿ, ಚಪ್ಪಲಿ ಬಿಡುತ್ತಾ.

ಇಂದುಮತಿ ಗಂಟಲು ಮುಟ್ಟಿಕೊಂಡಳು. ಕೆಮ್ಮಿದ್ದು ತಾನೇ?

ಪುರುಷೋತ್ತಮ ರೊಟ್ಟಿ ಮುರಿಯುತ್ತಾ ಕೇಳಿದ: "ನಿನ್ನೆ ಯಾರ ಮನ್ಯಾಗರ ಅನ್ನ ಹೆಚ್ಚಿತ್ತೇನು?"

"ಹೇಳಿದ್ರ ಏನ್ ಮಾಡ್ತೀರಿ?"

"ಮನಿ ಸುತ್ತಗಟ್ಟತೀವಿ. ಗುಂಡ ಹಾರ್ತಾವ. ಹೇಳದಿದ್ರ ಇವತ್ತ ಸಂಜಿಕೆ ಅದೇ ಊರ ದಾರ್‍ಯಾಗ, ಯಾರ ಎಲ್ಲಿ ಹೊಂಚ ಹಾಕ್ಯಾರ ಗೊತ್ತಿಲ್ದ, ನಾ ನಡಕೋತ ಹೋಗಬೇಕು." ನಕ್ಕ. "ಯಾಕ, ಕುಂಕುಮ ಬ್ಯಾಸರ ಆಗೇದೇನು?"

"ನೆನಪ ಮಾಡಿಕೋತೀನಿ. ನೀವು ಸ್ನಾನಕ್ಕ ಹೋಗ್ರಿ."

ಬಚ್ಚಲಲ್ಲಿ ನೀರು ಬೀಳತೊಡಗಿತು. ಪೂರ್ವಿ ಮಲಗಿದ್ದಳು. ಗೋಡೆಯಾಚೆ ಮತ್ತೆ ಯಾರೋ ಕೆಮ್ಮಿದರು. ಈ ಸಲ ಇಂದುಮತಿ ತುಟಿ ಬಿಗಿಹಿಡಿದಿದ್ದಳು, ಆದರೂ ಕೇಳಿಸಿತು.

ಫುಲ್‌ಮಣಿಯ ಹೆಸರು ಹೇಳುವುದಿಲ್ಲ. ಸಂಜೆ ಆ ದಾರಿಯಲ್ಲಿ ಗಂಡನ ಪಕ್ಕ ತಾನೂ ನಡೆಯುವುದು. ಹಾಗೆಂದು ನಿಶ್ಚಯಿಸಿ ಒಲೆ ಆರಿಸಿದಳು, ಮೆಟ್ಟಿಲಿಳಿದು ಹೋಗಿ ಗೇಟಿನ ಬಳಿ ಗಂಡನಿಗಾಗಿ ನಿಂತಿದ್ದ ಖಾಲಿ ಜೀಪಿನಲ್ಲಿ ಕುಳಿತಳು.